ಕುಕ್ಕರ್ ಆರುವಷ್ಟರಲ್ಲಿ ಆಗುವ ಅಡುಗೆ: ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?

ಒಂಟಿ ಒಲೆ (ಬೆಂಗಳೂರು)

ಗೆಳೆಯರೇ, ಸಂಜೆ ಏಳೂವರೆಗೆ ಮನೆ ಸೇರಿ, ಕೈಕಾಲು ತೊಳೆದು, 1 ಲೋಟ ಅಕ್ಕಿಗೆ 2 ಲೋಟ ನೀರು ಹಾಕಿ ಕುಕ್ಕರ್ ಇಟ್ಟರೆ, ಮೂರು ಕೂಗು ಬಂದು, ಒತ್ತಡ ತಾನಾಗಿ ಇಳಿದು, ಮುಚ್ಚಳ ತೆರೆಯುವ ಹೊತ್ತಿಗೆ ಸುಮಾರು 25 ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಅನ್ನಕ್ಕೆ ಕಲಸಿಕೊಳ್ಳಲು ಏನು ಮಾಡಿಕೊಳ್ಳಬಹುದು ಎಂಬುದಷ್ಟೇ ನನ್ನ ಪ್ರಶ್ನೆ. ಹಬ್ಬದಡುಗೆ ಬೇಡ, ನೆಂಟರು ಬಂದಾಗ ಮಾಡುವುದೂ ಬೇಡ. ನೀವು ಆಯಾಸಗೊಂಡ ದಿನ ನಿಜವಾಗಿ ಏನು ಮಾಡಿಕೊಂಡು ಉಣ್ಣುತ್ತೀರೋ ಅದನ್ನು ಬರೆಯಿರಿ. ದಯವಿಟ್ಟು ಅಳತೆಯನ್ನೂ ಬರೆಯಿರಿ. "ರುಚಿಗೆ ತಕ್ಕಷ್ಟು" ಎಂಬುದು ರುಚಿ ಮೊದಲೇ ತಿಳಿದವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಲೋಟವೆಂದರೆ 200 ಮಿಲಿಲೀಟರ್ ಹಿಡಿಸುವ ಸ್ಟೀಲ್ ಲೋಟ ಎಂದಿಟ್ಟುಕೊಳ್ಳೋಣ.

ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ಚೆನ್ನಾಗಿ ಹಣ್ಣಾದ 4 ಟೊಮೆಟೊ, 1 ಈರುಳ್ಳಿ. ಬಾಣಲೆಗೆ 2 ಚಮಚ ಎಣ್ಣೆ ಹಾಕಿ ಸಾಸಿವೆ, ಕರಿಬೇವು, ಚಿಟಿಕೆ ಇಂಗಿನ ಒಗ್ಗರಣೆ ಕೊಟ್ಟು, ಈರುಳ್ಳಿ ಬಾಡಿದ ಮೇಲೆ ಟೊಮೆಟೊ, ಅರಿಸಿನ, ಮುಕ್ಕಾಲು ಚಮಚ ಉಪ್ಪು ಹಾಕಿ ಮುಚ್ಚಬೇಕು. ನೀರು ಹಾಕಬಾರದು, ಟೊಮೆಟೊ ತನ್ನ ನೀರಿನಲ್ಲೇ ಬೇಯುತ್ತದೆ. ಅದು ಮೆತ್ತಗಾದಾಗ 2 ಚಮಚ ಸಾರಿನ ಪುಡಿ, ಅಡಿಕೆಯಷ್ಟು ಬೆಲ್ಲ ಸೇರಿಸಿ, ಎಣ್ಣೆ ಅಂಚಿಗೆ ಬರುವವರೆಗೆ ಸಣ್ಣ ಉರಿಯಲ್ಲಿ ಬಿಟ್ಟರೆ ಗೊಜ್ಜು ಸಿದ್ಧ. ಇದು ಅನ್ನಕ್ಕೂ ಆಗುತ್ತದೆ, ಮರುದಿನ ಬೆಳಗಿನ ಚಪಾತಿಗೂ ಆಗುತ್ತದೆ.

ನನ್ನದು ಒಂದೇ ತಕರಾರು: ಮಿಕ್ಸಿ ಬೇಡ. ರುಬ್ಬಲು ಎರಡು ನಿಮಿಷ ಸಾಕು, ಆದರೆ ಜಾರಿನ ಬ್ಲೇಡಿನ ಕೆಳಗೆ ಸೇರಿಕೊಂಡ ತೆಂಗಿನಕಾಯಿಯನ್ನು ತೆಗೆಯುವಷ್ಟರಲ್ಲಿ ಹಸಿವೇ ಹೋಗಿರುತ್ತದೆ.

ಸಾಗರದಕ್ಕ

ತಮ್ಮಾ, ನಿನ್ನ ತಕರಾರಿಗೆ ನಮ್ಮ ತಂಬುಳಿಯಲ್ಲೇ ಉತ್ತರವಿದೆ. ರುಬ್ಬಿದ್ದನ್ನು ಪಾತ್ರೆಗೆ ಬಗ್ಗಿಸಿದ ಮೇಲೆ ಅದೇ ಜಾರಿಗೆ ಅರ್ಧ ಲೋಟ ಮಜ್ಜಿಗೆ ಹಾಕಿ ಒಂದು ಸುತ್ತು ತಿರುಗಿಸಿ, ಅದನ್ನೂ ಪಾತ್ರೆಗೆ ಸುರಿ. ಜಾರು ಮುಕ್ಕಾಲು ಪಾಲು ತೊಳೆದಂತಾಗುತ್ತದೆ, ತಂಬುಳಿಗೆ ಬೇಕಾದ ಮಜ್ಜಿಗೆಯೂ ಬಿದ್ದಂತಾಗುತ್ತದೆ.

ದೊಡ್ಡಪತ್ರೆ ತಂಬುಳಿಗೆ 10ರಿಂದ 12 ಎಲೆ ಸಾಕು. ಇದನ್ನು ಕೆಲವರು ಸಾಂಬಾರಬಳ್ಳಿ ಎನ್ನುತ್ತಾರೆ. ಕುಂಡದಲ್ಲಿ ಒಂದು ತುಂಡು ಕಡ್ಡಿ ನೆಟ್ಟರೆ ಬೆಂಗಳೂರಿನ ಬಾಲ್ಕನಿಯಲ್ಲೂ ಹಬ್ಬುತ್ತದೆ. 1 ಚಮಚ ತುಪ್ಪಕ್ಕೆ ಅರ್ಧ ಚಮಚ ಜೀರಿಗೆ, 5 ಕಾಳುಮೆಣಸು ಹಾಕಿ, ಜೀರಿಗೆ ಚಟಪಟ ಎಂದಾಗ ಎಲೆಗಳನ್ನು ಹೆಚ್ಚಿ ಹಾಕಬೇಕು. ಎಲೆ ದಪ್ಪವಾಗಿದ್ದು ನೀರು ಬಿಡುವುದರಿಂದ, ಆ ನೀರು ಆರಿ ಹಸಿರು ಬಣ್ಣ ಮಾಸಲಾಗುವವರೆಗೆ ಹುರಿಯುವುದು ಮುಖ್ಯ. ಹಸಿಯಾಗಿ ಉಳಿದರೆ ಘಾಟು ಮೂಗಿಗೆ ಹೊಡೆಯುತ್ತದೆ. ಆರಿದ ಮೇಲೆ ಕಾಲು ಲೋಟ ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಒಂದೂವರೆ ಲೋಟ ಮಜ್ಜಿಗೆ, ಅರ್ಧ ಚಮಚ ಉಪ್ಪು ಬೆರೆಸಿ, ತುಪ್ಪದಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಆಯಿತು. ಒಲೆಯ ಮೇಲೆ ಇಟ್ಟು ಕುದಿಸಲು ಮಾತ್ರ ಹೋಗಬಾರದು, ಮಜ್ಜಿಗೆ ಒಡೆದು ನೀರು ಬೇರೆ, ಗಸಿ ಬೇರೆ ಆಗುತ್ತದೆ.

ಇದೇ ದಾರಿಯಲ್ಲಿ ಮೆಂತ್ಯ ತಂಬುಳಿಯೂ ಆಗುತ್ತದೆ. ಮೆಂತ್ಯ ಅರ್ಧ ಚಮಚಕ್ಕಿಂತ ಹೆಚ್ಚಾಗಬಾರದು, ಕೆಂಪಗಾಗುವವರೆಗೆ ಹುರಿಯಬೇಕು, ಕಪ್ಪಾಗಬಾರದು. ಒಂದೆಲಗವಾದರೆ ಹುರಿಯುವುದೂ ಬೇಡ, ಹಸಿಯಾಗಿಯೇ ರುಬ್ಬುತ್ತೇವೆ. ಮಲೆನಾಡಿನ ಮನೆಗಳಲ್ಲಿ ಸೊಪ್ಪು, ಚಿಗುರು, ಹೂವು, ಸಿಪ್ಪೆ ಯಾವುದನ್ನೂ ಬಿಟ್ಟಿಲ್ಲ. ಹೊಟ್ಟೆ ಕೆಟ್ಟಾಗ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡುವ ವಾಡಿಕೆಯೂ ಇದೆ. ಹಾಗಾಗಿ ತಂಬುಳಿಯನ್ನು ಒಂದು ಅಡುಗೆ ಎನ್ನುವುದಕ್ಕಿಂತ ಒಂದು ಕ್ರಮ ಎನ್ನುವುದೇ ಸರಿ. ಕ್ರಮ ಕೈಗೆ ಹತ್ತಿದರೆ ಫ್ರಿಜ್ಜಿನಲ್ಲಿ ಏನಿದೆಯೋ ಅದರಲ್ಲೇ ಸಾಗುತ್ತದೆ.

ನ್ಯೂಜೆರ್ಸಿ ಕನ್ನಡಿಗ

ಅಕ್ಕಾ, ನೀವು ಹೇಳಿದ ದೊಡ್ಡಪತ್ರೆ ಇಲ್ಲಿ ಬೇಸಿಗೆಯಲ್ಲಿ ಸೊಂಪಾಗಿ ಬರುತ್ತದೆ, ಆದರೆ ಮೊದಲ ಹಿಮಕ್ಕೇ ಕರಗಿಹೋಗುತ್ತದೆ. ಕುಂಡವನ್ನು ಅಕ್ಟೋಬರಿನಲ್ಲೇ ಒಳಗೆ ತಂದು ಕಿಟಕಿಯ ಬಳಿ ಇಡಬೇಕಾಗುತ್ತದೆ. ಚಳಿಗಾಲದಲ್ಲಿ ನಾವು ಪಾಲಕ್ ಹಾಕಿ ಮಾಡಿಕೊಳ್ಳುತ್ತೇವೆ. ಎರಡು ಹಿಡಿ ಪಾಲಕ್, ಅರ್ಧ ಚಮಚ ಜೀರಿಗೆ, 1 ಹಸಿಮೆಣಸಿನಕಾಯಿ. ಉಳಿದದ್ದೆಲ್ಲ ನೀವು ಬರೆದ ಹಾಗೆಯೇ. ಹೆಪ್ಪುಗಟ್ಟಿಸಿದ ತೆಂಗಿನತುರಿ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ನೇರವಾಗಿ ಮಿಕ್ಸಿಗೆ ಹಾಕದೆ, ಸ್ವಲ್ಪ ಬಿಸಿನೀರಿನಲ್ಲಿ ಬಿಡಿಸಿಕೊಂಡು ಹಾಕಿದರೆ ನುಣ್ಣಗೆ ಬರುತ್ತದೆ. ಇಲ್ಲಿನ ಮೊಸರಿಗೆ ಹುಳಿ ಕಡಿಮೆ, ಹಾಗಾಗಿ ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಬೇಕಾಗುತ್ತದೆ.

ವಿದೇಶದ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಒಂದು ಮಾತು. ಒಣಮೆಣಸಿನಕಾಯಿಯ ಒಗ್ಗರಣೆಗೆ ಸ್ಮೋಕ್ ಅಲಾರಂ ಕೂಗಿಕೊಂಡರೆ ಇಡೀ ಮಹಡಿಯವರು ಬಾಗಿಲು ತೆರೆದು ನೋಡುತ್ತಾರೆ. ಎಣ್ಣೆ ಕಾದು, ಸಾಸಿವೆ ಸಿಡಿದ ಮೇಲೆ ಒಲೆ ಆರಿಸಿ, ಆ ಬಿಸಿಯಲ್ಲೇ ಮೆಣಸಿನಕಾಯಿ ಹಾಕಿದರೆ ಬಣ್ಣವೂ ಉಳಿಯುತ್ತದೆ, ಹೊಗೆಯೂ ಏಳುವುದಿಲ್ಲ. ವಿದ್ಯುತ್ ಒಲೆಯ ಕಾಯಿಲ್ ಆರಿಸಿದ ಮೇಲೂ ಬಿಸಿ ಹಿಡಿದಿರುವುದರಿಂದ ಸೌಟನ್ನು ಅದರ ಮೇಲಿಂದ ಎತ್ತಿಬಿಡುವುದು ಒಳ್ಳೆಯದು.

ಮಂಡ್ಯದ ಹೈದ

ತಂಬುಳಿ ತಂಪು ಹೌದು, ಆದರೆ ಹೊಲದಿಂದಲೋ ಫ್ಯಾಕ್ಟರಿಯಿಂದಲೋ ದಣಿದು ಬಂದವನಿಗೆ ಅದು ಊಟವಾಗುವುದಿಲ್ಲ, ಊಟದ ಕೊನೆಯಾಗುತ್ತದೆ. ಉಪ್ಪುಸಾರನ್ನು ಯಾರೂ ಹೆಸರಿಸಿಲ್ಲವಲ್ಲ ಎಂದು ನನಗೆ ಆಶ್ಚರ್ಯ.

ಅರ್ಧ ಲೋಟ ತೊಗರಿಬೇಳೆ, ಒಂದು ಕಟ್ಟು ದಂಟಿನಸೊಪ್ಪು, 4 ಲೋಟ ನೀರು. ಬೇಳೆ ಮುಕ್ಕಾಲು ಬೆಂದಾಗ ಸೊಪ್ಪು ಮತ್ತು ಉಪ್ಪು ಹಾಕಿ, ಸೊಪ್ಪು ಬೆಂದ ಕೂಡಲೇ ಕಟ್ಟನ್ನು, ಅಂದರೆ ಬೇಯಿಸಿದ ನೀರನ್ನು, ಬಸಿದುಕೊಳ್ಳಬೇಕು. ಬೇಳೆ ಕರಗಬಾರದು, ಬೆರಳಲ್ಲಿ ಒತ್ತಿದರೆ ಹಿಚುಕಬೇಕು, ನೋಡಲು ಮಾತ್ರ ಇಡಿಯಾಗಿರಬೇಕು. ಅದು ಬೇಯುವಷ್ಟರಲ್ಲಿ ಖಾರ ಮಾಡಿಕೊಳ್ಳಬೇಕು: ಬಾಣಲೆಯಲ್ಲಿ ಬಾಡಿಸಿದ 6 ಹಸಿಮೆಣಸಿನಕಾಯಿ, 8 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, 8 ಕಾಳುಮೆಣಸು, ಗೋಲಿಯಷ್ಟು ಹುಣಸೆ, ಒಂದಿಷ್ಟು ಕೊತ್ತಂಬರಿ, ಉಪ್ಪು. ಇದನ್ನು ಒರಳಲ್ಲಿ ಅರೆದರೆ ಉತ್ತಮ, ಮಿಕ್ಸಿಯೂ ಆಗುತ್ತದೆ. ಬಸಿದ ಸೊಪ್ಪುಬೇಳೆಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯವಾಯಿತು. ಬಿಸಿ ಕಟ್ಟನ್ನು ತಟ್ಟೆಗೆ ಬಿಟ್ಟುಕೊಂಡು, ಖಾರವನ್ನು ಅವರವರು ತಾಳುವಷ್ಟು ಕದಡಿಕೊಳ್ಳುತ್ತಾರೆ. ಮನೆಯಲ್ಲಿ ಮಕ್ಕಳಿದ್ದರೂ, ವಯಸ್ಸಾದವರಿದ್ದರೂ ಬೇರೆ ಬೇರೆ ಮಾಡಬೇಕಾಗಿಲ್ಲ. ಒಂದೇ ಪಾತ್ರೆಯಲ್ಲಿ ಸಾರೂ ಪಲ್ಯವೂ ಆಗುವುದು ಸುಲಭವಲ್ಲದೆ ಮತ್ತೇನು?

ಒಂಟಿ ಒಲೆ (ಬೆಂಗಳೂರು)

ಅಣ್ಣ, ರುಚಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕುಕ್ಕರಿಲ್ಲದೆ ತೊಗರಿಬೇಳೆ ಬೇಯಲು ಅರ್ಧ ಗಂಟೆ ಮೀರುತ್ತದೆ, ಕುಕ್ಕರಿನಲ್ಲಿ ಇಟ್ಟರೆ ಕರಗಿ ಬಸಿಯಲು ಬಾರದಂತಾಗುತ್ತದೆ. ಅದರ ಮೇಲೆ ಮುದ್ದೆ ಬೇರೆ ತಿರುವಬೇಕು. ನನ್ನ 25 ನಿಮಿಷದೊಳಗೆ ಇದು ಹೇಗೆ ಕೂರುತ್ತದೆ?

ಮಂಡ್ಯದ ಹೈದ

ಬೇಳೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ ನೀವು ಸ್ನಾನಕ್ಕೆ ಹೋಗಿ ಬನ್ನಿ. ಆಮೇಲೆ ಕುಕ್ಕರಿನಲ್ಲಿ ಒಂದೇ ಕೂಗು, ತಕ್ಷಣ ಒಲೆ ಆರಿಸಬೇಕು. ಒತ್ತಡವಿದ್ದಾಗ ಕುಕ್ಕರಿನೊಳಗೆ ನೀರು ಕುದಿಯುವುದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದ್ದರಿಂದ ಒಲೆ ಆರಿಸಿದ ಮೇಲೂ ಬೇಳೆ ಒಳಗೆ ಬೇಯುತ್ತಲೇ ಇರುತ್ತದೆ. ಮುಚ್ಚಳ ತೆರೆದ ಮೇಲೆ ಸೊಪ್ಪು ಹಾಕಿ ಐದು ನಿಮಿಷ ಕುದಿಸಿದರೆ ಸಾಕು. ಅಷ್ಟೂ ಆಗದ ದಿನ ಬೇಳೆಯನ್ನು ಬಿಟ್ಟು ಬರೀ ಸೊಪ್ಪಿನಲ್ಲಿ ಮಾಡಿ.

ಮುದ್ದೆಗೆ ಜನ ಅನಗತ್ಯವಾಗಿ ಹೆದರುತ್ತಾರೆ. 2 ಲೋಟ ನೀರಿಗೆ 1 ಲೋಟ ರಾಗಿಹಿಟ್ಟು. ಅದರಲ್ಲಿ ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲು ಎಸರಿಗೆ, ಅಂದರೆ ಕುದಿಯುವ ನೀರಿಗೆ, ಬಿಡಿ. ಎಸರು ಮರಳಿ ಉಕ್ಕಿದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೆದಕದೆ, ದೊಣ್ಣೆಯಿಂದ ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಹಿಟ್ಟಿನ ಗುಡ್ಡೆಯ ಸುತ್ತ ಎಸರು ಉಕ್ಕಿ ಮೇಲೇರುತ್ತಿದ್ದರೆ ಹಿಟ್ಟು ಬೇಯುತ್ತಿದೆ ಎಂದೇ ಅರ್ಥ. ಆಮೇಲೆ ಪಾತ್ರೆಯನ್ನು ಕೆಳಗಿಟ್ಟು ಗಂಟಿಲ್ಲದಂತೆ ತಿರುವಿ, ಮತ್ತೆ ಎರಡು ನಿಮಿಷ ಉರಿಗಿಟ್ಟು, ಒದ್ದೆ ಕೈಯಲ್ಲಿ ಕಟ್ಟಿ. ಒದ್ದೆ ಬೆರಳಲ್ಲಿ ಮುಟ್ಟಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ. ಗಂಟಾಗುವುದಕ್ಕೆ ಮುಖ್ಯ ಕಾರಣ ಅವಸರ, ಅಂದರೆ ಹಿಟ್ಟು ಹಾಕಿದ ಕೂಡಲೇ ಕೈಯಾಡಿಸುವುದು.

ಚಾಮರಾಜಪೇಟೆ ಅಜ್ಜಿ

ನೀವೆಲ್ಲ ಗಡಿಯಾರ ಹಿಡಿದು ಕೂತಿದ್ದೀರಿ, ಮಕ್ಕಳೇ. ಸಂಜೆಯ ಅಡುಗೆ ಸುಲಭವಾಗುವುದು ಸಂಜೆಯಲ್ಲ, ತಿಂಗಳಿಗೊಮ್ಮೆ ಒಂದು ಭಾನುವಾರ ಬೆಳಿಗ್ಗೆ. ಮೊದಲು ಬರೆದ ಹುಡುಗನ ಗೊಜ್ಜು ಕಾಲು ಗಂಟೆಯಲ್ಲಿ ಆಗುತ್ತದೆ ಎಂದರೆ, ಅವನ ಡಬ್ಬಿಯಲ್ಲಿ ಸಾರಿನ ಪುಡಿ ಇದೆ ಎಂದರ್ಥ. ಅದನ್ನು ಯಾರು ಮಾಡಿಕೊಟ್ಟರೋ ಅವನು ಬರೆದಿಲ್ಲ.

ನಮ್ಮ ಮನೆಯ ಅಳತೆ ಹೀಗಿದೆ: ಬ್ಯಾಡಗಿ ಮೆಣಸಿನಕಾಯಿ 250 ಗ್ರಾಂ, ಕೊತ್ತಂಬರಿ ಬೀಜ 250 ಗ್ರಾಂ, ಜೀರಿಗೆ 50 ಗ್ರಾಂ, ಕಾಳುಮೆಣಸು 25 ಗ್ರಾಂ, ಮೆಂತ್ಯ 25 ಗ್ರಾಂ, ಸಾಸಿವೆ 25 ಗ್ರಾಂ, ಎರಡು ಹಿಡಿ ಕರಿಬೇವು, ಒಂದು ಚಮಚ ಅರಿಸಿನ, ಒಂದು ಚಮಚ ಇಂಗು. ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಮೆಂತ್ಯ ಕೆಂಪಗಾಗುವ ಹೊತ್ತಿಗೆ ಜೀರಿಗೆ ಸುಟ್ಟಿರುತ್ತದೆ, ಒಟ್ಟಿಗೆ ಹುರಿಯಲು ಸಾಧ್ಯವೇ ಇಲ್ಲ. ಹಾವೇರಿ ಕಡೆಯ ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ಬೇಕೆನ್ನುವವರು ಅದರಲ್ಲಿ 50 ಗ್ರಾಂ ತೆಗೆದು ಗುಂಟೂರು ಹಾಕಿಕೊಳ್ಳಲಿ. ಕರಿಬೇವು ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಗರಿಗರಿಯಾಗಿರಬೇಕು, ಸ್ವಲ್ಪ ತೇವ ಉಳಿದರೂ ಪುಡಿ ಮುಗ್ಗುತ್ತದೆ. ಪೂರ್ತಿ ಆರುವ ಮೊದಲು ಡಬ್ಬಿಯ ಮುಚ್ಚಳ ಹಾಕಬಾರದು.

ಪುಡಿಯೊಂದಿದ್ದರೆ ಗೊಡ್ಡುಸಾರು ಹತ್ತು ನಿಮಿಷದ ಕೆಲಸ. ನಿಂಬೆಗಾತ್ರದ ಹುಣಸೆಯನ್ನು 3 ಲೋಟ ನೀರಿನಲ್ಲಿ ಕಿವುಚಿ, ಒಂದೂವರೆ ಚಮಚ ಪುಡಿ, ಉಪ್ಪು, ತುಸು ಬೆಲ್ಲ, ಕರಿಬೇವು ಹಾಕಿ, ಹುಣಸೆಯ ಹಸಿವಾಸನೆ ಹೋಗುವವರೆಗೆ ಕುದಿಸಿ, ತುಪ್ಪದಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಡಬೇಕು. ಬೇಳೆ ಇಲ್ಲ, ತರಕಾರಿ ಇಲ್ಲ, ರುಬ್ಬುವುದಿಲ್ಲ. ಜೊತೆಗೆ ಸುಟ್ಟ ಹಪ್ಪಳವಿದ್ದರೆ ಇನ್ನೇನೂ ಬೇಡ.

ಧಾರವಾಡದ ಮಾಸ್ತರ

ತಾಯಿಯವರ ಮಾತು ಒಪ್ಪತಕ್ಕದ್ದೇ. ನಮ್ಮ ಕಡೆಯೂ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಡಬ್ಬಿಯಲ್ಲಿ ಇದ್ದೇ ಇರುತ್ತವೆ. ಕಟಕ ರೊಟ್ಟಿಯ (ಒಣಗಿದ ಗರಿಗರಿ ಜೋಳದ ರೊಟ್ಟಿ) ಮೇಲೆ ಚಟ್ನಿಯನ್ನೂ ಮೊಸರನ್ನೂ ಹಾಕಿಕೊಂಡರೆ ಒಲೆಯನ್ನೇ ಹಚ್ಚಬೇಕಾಗಿಲ್ಲ. ಆದರೆ ಈ ಚರ್ಚೆ ಅನ್ನದ ಸುತ್ತಲೇ ಸುತ್ತುತ್ತಿದೆ, ಅದಕ್ಕೆ ನನ್ನ ಆಕ್ಷೇಪವಿದೆ. ರೊಟ್ಟಿ ಉಣ್ಣುವವರ ಮನೆಯಲ್ಲಿ ಕುಕ್ಕರ್ ಆರುವ ಪ್ರಶ್ನೆಯೇ ಏಳುವುದಿಲ್ಲ. ಜ್ವಾರಿಯ ಕಟಕ ರೊಟ್ಟಿಯನ್ನು ವಾರಕ್ಕಾಗುವಷ್ಟು ಖಾನಾವಳಿಯಿಂದ ತಂದಿಟ್ಟುಕೊಂಡವನಿಗೆ ಬೇಕಾಗಿರುವುದು ಜುಣಕ ಒಂದೇ.

ಎರಡು ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ, 3 ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, 4 ಹಸಿಮೆಣಸಿನಕಾಯಿ, ಅರಿಸಿನದೊಂದಿಗೆ ಕೆಂಪಗೆ ಹುರಿಯಬೇಕು. 1 ಲೋಟ ಕಡಲೆಹಿಟ್ಟನ್ನು 2 ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಪ್ಪು ಹಾಕಿ, ಉರಿಯನ್ನು ಸಣ್ಣ ಮಾಡಿ ಒಂದೇ ಧಾರೆಯಾಗಿ ಸುರಿಯುತ್ತ ಎಡೆಬಿಡದೆ ಕೈಯಾಡಿಸಬೇಕು. ಎರಡು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಹೊಸಬರು ಇಲ್ಲಿಗೇ ಇಳಿಸಿಬಿಡುತ್ತಾರೆ. ಗಟ್ಟಿಯಾಗುವುದು ಬೇರೆ, ಬೇಯುವುದು ಬೇರೆ. ಮುಚ್ಚಿ ಮತ್ತೆ ಆರು ನಿಮಿಷ ಬಿಟ್ಟಾಗ ಅಂಚು ಬಾಣಲೆಯನ್ನು ಬಿಟ್ಟುಕೊಂಡು, ಹಸಿಹಿಟ್ಟಿನ ವಾಸನೆ ಹೋಗಿ, ಹುರಿಗಡಲೆಯಂಥ ಘಮ ಬರುತ್ತದೆ. ಆಗ ಕೊತ್ತಂಬರಿ ಉದುರಿಸಿ ಇಳಿಸಬೇಕು. ಮಿಕ್ಕಿದ್ದನ್ನು ಎಣ್ಣೆ ಸವರಿದ ತಾಟಿನಲ್ಲಿ ತಟ್ಟಿ, ಕೊಬ್ಬರಿ ತುರಿ ಉದುರಿಸಿ ಕೊರೆದರೆ ಅದೇ ಜುಣಕದ ವಡಿ, ಮರುದಿನದ ಬುತ್ತಿಗೆ ಆಯಿತು.

ದಕ್ಷಿಣದವರು ಇದಕ್ಕೂ ಬೆಲ್ಲ ಹಾಕುವ ಮೊದಲು ಹೇಳಿಬಿಡುತ್ತೇನೆ: ಬೆಲ್ಲ ಬೇಡ.

ಕುಂದಾಪುರದವಳು

ಮಾಸ್ತರೇ, ಬೆಲ್ಲದ ಮಾತು ನಮ್ಮ ಕರಾವಳಿಯವರಿಗೇ ತಾಗಿತು, ಆದರೂ ಉತ್ತರ ಕೊಡದೆ ಬೋಳು ಹುಳಿ ಬರೆಯುತ್ತೇನೆ, ಏಕೆಂದರೆ ಇದು ಬೆಲ್ಲವಿಲ್ಲದೆ ಆಗುವುದಿಲ್ಲ. ತೆಂಗಿನಕಾಯಿ ಕೊಯ್ಯುವ ಊರಿನವರಾಗಿಯೂ ಕಾಯಿ ರುಬ್ಬದೆ ಮಾಡುವ ಹುಳಿ ಇದು.

ಅನ್ನ ಬೇಯುವ ಕುಕ್ಕರಿನಲ್ಲಿಯೇ ಅನ್ನದ ಪಾತ್ರೆಯ ಕೆಳಗೆ ಇನ್ನೊಂದು ಪಾತ್ರೆಯಲ್ಲಿ ಅರ್ಧ ಲೋಟ ನೆನೆದ ತೊಗರಿಬೇಳೆ ಇಟ್ಟರೆ ಬೇಳೆಗೆ ಬೇರೆ ಒಲೆ ಬೇಡ. ಪಕ್ಕದ ಒಲೆಯಲ್ಲಿ ಮಂಗಳೂರು ಸೌತೆಯ ಹೋಳು 2 ಲೋಟದಷ್ಟು, ಸೀಳಿದ 4 ಹಸಿಮೆಣಸು, ಅರಿಸಿನ, ಉಪ್ಪು, ಹುಣಸೆರಸ, ಸಣ್ಣ ತುಂಡು ಬೆಲ್ಲ ಹಾಕಿ ಬೇಯಿಸಬೇಕು. ಕುಕ್ಕರ್ ಆರಿದ ಮೇಲೆ ಬೇಳೆಯನ್ನು ಸೇರಿಸಿ ಒಂದು ಕುದಿ ಬರಿಸಿ, ತೆಂಗಿನೆಣ್ಣೆಯಲ್ಲಿ ಜಜ್ಜಿದ 10 ಎಸಳು ಬೆಳ್ಳುಳ್ಳಿಯನ್ನು ಹೊಂಬಣ್ಣಕ್ಕೆ ಹುರಿದು ಒಗ್ಗರಣೆ ಕೊಡಬೇಕು. ಬೆಳ್ಳುಳ್ಳಿ ತಿನ್ನದವರು ಇಂಗು ಹಾಕಲಿ.

ಬೇಳೆ, ಹೋಳು, ಹುಣಸೆ ಎಲ್ಲವನ್ನೂ ಒಂದೇ ಕುಕ್ಕರಿಗೆ ಹಾಕಿದರೆ ಇನ್ನೂ ಸುಲಭವಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಗೆ ಮಾಡಬೇಡಿ. ಹುಳಿಯಿರುವ ನೀರಿನಲ್ಲಿ ಬೇಳೆ ಮೆತ್ತಗಾಗುವುದಿಲ್ಲ. ಎಷ್ಟು ಕೂಗು ಹೊಡೆಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಟೊಮೆಟೊ ಕೂಡ ಹೆಚ್ಚು ಹಾಕಿದರೆ ಇದೇ ತೊಂದರೆ ಕೊಡುತ್ತದೆ. ಬೇಳೆ ಬೆಂದ ಮೇಲೆಯೇ ಹುಳಿ, ಈ ಒಂದು ಮಾತು ನೆನಪಿದ್ದರೆ ಸಾರು, ಹುಳಿ, ಸಾಂಬಾರು ಎಲ್ಲವೂ ಅರ್ಧ ಕಲಿತಂತೆ.

ನ್ಯೂಜೆರ್ಸಿ ಕನ್ನಡಿಗ

ಕುಂದಾಪುರದವರೇ, ಈ ಮಾತನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಬೇಕು. ಇಲ್ಲಿ ಎಷ್ಟೋ ಗೆಳೆಯರು ಬೇಳೆ ಹಳೆಯದು, ಅಂಗಡಿಯವನು ಮೋಸ ಮಾಡಿದ ಎಂದು ದೂರುತ್ತಿರುತ್ತಾರೆ. ಒಂದೇ ಪಾತ್ರೆಯ ವಿದ್ಯುತ್ ಕುಕ್ಕರಿನ ಕಾಲದಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿಯುವ ಅಭ್ಯಾಸ ಬೆಳೆದಿರುವುದೇ ಇದಕ್ಕೆ ಕಾರಣವಿರಬೇಕು. ಬಿಸಿಬೇಳೆಬಾತಿಗೂ ಇದೇ ನಿಯಮವೆಂದು ತಿಳಿಯುತ್ತೇನೆ: ಅಕ್ಕಿ, ಬೇಳೆ, ತರಕಾರಿ ಮೊದಲು, ಹುಣಸೆ, ಪುಡಿ ಆಮೇಲೆ.

ಚಾಮರಾಜಪೇಟೆ ಅಜ್ಜಿ

ಸರಿಯಾಗಿ ತಿಳಿದೆ, ಮಗು. ಹುಣಸೆರಸವನ್ನು ಪುಡಿಯೊಂದಿಗೆ ಬೇರೆಯಾಗಿ ಐದು ನಿಮಿಷ ಕುದಿಸಿಕೊಂಡು ಆಮೇಲೆ ಬೆಂದ ಅಕ್ಕಿಬೇಳೆಗೆ ಸೇರಿಸು, ಹಸಿವಾಸನೆ ಇರುವುದಿಲ್ಲ. ಬಡಿಸುವಾಗ ಅಳ್ಳಕವಾಗಿರಬೇಕು, ತಟ್ಟೆಯಲ್ಲಿ ತಾನೇ ಬಿಗಿಯುತ್ತದೆ.

ಒಂಟಿ ಒಲೆ (ಬೆಂಗಳೂರು)

ಅಜ್ಜಿ, ಪುಡಿ ಅಮ್ಮ ಕಳಿಸಿದ್ದು. ಆ ಲೆಕ್ಕ ಬಿಟ್ಟು ಬರೆದದ್ದನ್ನು ನೀವು ಹಿಡಿದುಬಿಟ್ಟಿರಿ. ಈ ಭಾನುವಾರ ನಿಮ್ಮ ಅಳತೆಯ ಕಾಲು ಭಾಗದಲ್ಲಿ ಹುರಿಯಲು ಕೂರುತ್ತೇನೆ.

ಉಪ್ಪಿಟ್ಟಿನ ಹೆಸರನ್ನು ಯಾರೂ ಎತ್ತದಿದ್ದುದನ್ನು ಗಮನಿಸಿದೆ. ಹಾಸ್ಟೆಲಿನಲ್ಲಿ ಅದಕ್ಕೆ ಕಾಂಕ್ರೀಟ್ ಎಂದು ಹೆಸರಿಟ್ಟವರೆಲ್ಲ ಇಲ್ಲೇ ಇದ್ದೀರಿ ಎಂದು ತೋರುತ್ತದೆ. 1 ಲೋಟ ರವೆಗೆ ಎರಡೂವರೆ ಲೋಟ ನೀರು ಹಾಕಿದರೆ ಅದಕ್ಕೆ ಆ ಹೆಸರು ಬರುತ್ತಿರಲಿಲ್ಲ ಎಂಬುದಷ್ಟೇ ನನ್ನ ಅಭಿಪ್ರಾಯ. ಬನ್ಸಿ ರವೆಯಾದರೆ ಮೂರು ಲೋಟವನ್ನೂ ಕುಡಿಯುತ್ತದೆ.

ಕುಂದಾಪುರದ ಅಕ್ಕನಿಗೆ ಒಂದು ಪ್ರಶ್ನೆ. ಮಂಗಳೂರು ಸೌತೆ ಇಲ್ಲಿ ಇಡಿಯಾಗಿಯೇ ಸಿಗುತ್ತದೆ, ಒಬ್ಬನಿಗೆ ಅದು ಮೂರು ದಿನಕ್ಕಾಗುವಷ್ಟು ದೊಡ್ಡದಿರುತ್ತದೆ. ಕೊಯ್ದ ಮೇಲೆ ಉಳಿದದ್ದನ್ನು ಏನು ಮಾಡಬೇಕು?

ಕುಂದಾಪುರದವಳು

ಕೊಯ್ಯದೆ ಇದ್ದರೆ ಅದಕ್ಕೆ ಫ್ರಿಜ್ಜೇ ಬೇಡ. ಊರಿನಲ್ಲಿ ಬಾಳೆಯ ಹಗ್ಗದಲ್ಲಿ ಕಟ್ಟಿ ಮಾಡಿನ ಕೆಳಗೆ ತೂಗುಹಾಕಿ ಮಳೆಗಾಲವಿಡೀ ಉಪಯೋಗಿಸುತ್ತೇವೆ. ಕೊಯ್ದ ಮೇಲೆ ಮಾತ್ರ ಎರಡು ಮೂರು ದಿನದಲ್ಲಿ ಮುಗಿಸಬೇಕು. ಮೊದಲ ದಿನ ಬೋಳು ಹುಳಿ ಮಾಡಿ. ಅದೇ ದಿನ ಬೀಜದೊಂದಿಗೆ ತೆಗೆದ ತಿರುಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ. ಮರುದಿನ ಅದನ್ನು ಒಂದು ಲೋಟ ನೀರಿನೊಂದಿಗೆ ಮಿಕ್ಸಿಯಲ್ಲಿ ತಿರುಗಿಸಿ ಸೋಸಿದರೆ ಹಾಲಿನಂಥ ರಸ ಬರುತ್ತದೆ. ಅದಕ್ಕೆ ಉಪ್ಪು, ಹುಣಸೆ, ಬೆಲ್ಲ, ಒಂದು ಚಮಚ ಸಾರಿನ ಪುಡಿ ಹಾಕಿ ಕುದಿಸಿ ಒಗ್ಗರಣೆ ಕೊಟ್ಟರೆ ತಿರುಳಿನ ಸಾರು. ಉಳಿದ ಹೋಳನ್ನು ಸಿಪ್ಪೆ ಸಮೇತ ಸಣ್ಣಗೆ ಹೆಚ್ಚಿ ಪಲ್ಯ ಮಾಡಿ. ಕೊಯ್ದ ಕೂಡಲೇ ತಿರುಳನ್ನು ನಾಲಿಗೆಗೆ ತಾಗಿಸಿ ನೋಡುವುದನ್ನು ಮರೆಯಬೇಡಿ. ಒಮ್ಮೊಮ್ಮೆ ಸೌತೆ ಕಹಿಯಿರುತ್ತದೆ, ಕಹಿಯಾದದ್ದನ್ನು ಯಾವ ಬೆಲ್ಲ ಹಾಕಿಯೂ ಸರಿಪಡಿಸಲು ಆಗುವುದಿಲ್ಲ, ಪೂರ್ತಿ ಬಿಸಾಡಬೇಕು.